ಅಜ್ಜಿಯ ಹೆಸರು ತಿಪ್ಪಮ್ಮ: ಈ ಹೆಸರಿನ ಅರ್ಥವೂ ಮೂಲವೂ ಏನು?

ದುರ್ಗದ ಮೊಮ್ಮಗಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕನ್ನಡದ ಹಳೆಯ ಹೆಸರುಗಳ ಬಗ್ಗೆ ತಿಳಿದವರು ಇಲ್ಲಿ ಹಲವರಿದ್ದೀರಿ ಎಂಬ ಭರವಸೆಯಿಂದ, ಕೆಲವು ದಿನಗಳಿಂದ ನನ್ನನ್ನು ಕಾಡುತ್ತಿರುವ ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನಮ್ಮದು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿ. ನನ್ನನ್ನು ಸಾಕಿ ಬೆಳೆಸಿದ ಅಜ್ಜಿಯ ಹೆಸರು ತಿಪ್ಪಮ್ಮ. ಅಜ್ಜನ ಹೆಸರು ಓಬಯ್ಯ, ಅಜ್ಜನ ಅಕ್ಕ ಲಕ್ಕವ್ವ, ಮುತ್ತಜ್ಜ ಬೊಮ್ಮಣ್ಣ. ಅಪ್ಪನ ಕಾಲಕ್ಕೆ ಬರುವಷ್ಟರಲ್ಲಿ ನಮ್ಮ ಮನೆಯಲ್ಲಿ ಇಂತಹ ಹೆಸರುಗಳು ನಿಂತುಹೋದವು. ನನ್ನ ತಲೆಮಾರಿನ ಮಕ್ಕಳಲ್ಲಂತೂ ಒಬ್ಬರಿಗೂ ಹಿರಿಯರ ಹೆಸರಿಲ್ಲ.

ಎರಡು ತಿಂಗಳ ಹಿಂದೆ ನನಗೆ ಹೆಣ್ಣುಮಗು ಹುಟ್ಟಿತು. ಅಜ್ಜಿ ತೀರಿಹೋಗಿ ಇನ್ನೂ ವರ್ಷವಾಗಿಲ್ಲ. ಮಗುವಿಗೆ ಅವಳ ಹೆಸರನ್ನೇ ಇಡಬೇಕೆಂದು ನಾನು ಹೇಳಿದಾಗ ಹತ್ತಿರದ ಬಂಧುಗಳೊಬ್ಬರು, "ತಿಪ್ಪೆ ಎಂದರೆ ಕಸ ಹಾಕುವ ಗುಂಡಿ, ಹೆತ್ತ ಮಗುವಿಗೆ ಯಾರಾದರೂ ಆ ಹೆಸರಿಡುತ್ತಾರೆಯೇ" ಎಂದರು. ಅವರ ಮಾತಿನಲ್ಲಿ ಕೆಟ್ಟ ಉದ್ದೇಶವಿರಲಿಲ್ಲ, ಆದರೆ ಎಂಬತ್ತು ವರ್ಷ ಆ ಹೆಸರನ್ನು ಹೊತ್ತು ಬದುಕಿದ ಅಜ್ಜಿಯನ್ನೇ ಯಾರೋ ಹೀಗಳೆದಂತೆ ನನಗೆ ನೋವಾಯಿತು. ಅಂದಿನಿಂದ ಈ ಹೆಸರಿನ ಅರ್ಥವನ್ನು ಹುಡುಕುತ್ತಿದ್ದೇನೆ. ಮಕ್ಕಳ ಹೆಸರುಗಳ ಪುಸ್ತಕದಲ್ಲಿ ಅದು ಸಿಗಲೇ ಇಲ್ಲ. ಒಂದು ಜಾಲತಾಣದಲ್ಲಿ ಮಾತ್ರ, "ತಿಪ್ಪ ಎಂಬುದು ಸಂಸ್ಕೃತದ ತೃಪ್ತಿ ಎಂಬ ಪದದಿಂದ ಬಂದಿದೆ, ತಿಪ್ಪಮ್ಮ ಎಂದರೆ ತೃಪ್ತಿಯನ್ನು ಕೊಡುವ ತಾಯಿ" ಎಂಬ ವಿವರಣೆ ಇತ್ತು. ಓದಿದಾಗ ಸಂತೋಷವಾಯಿತಾದರೂ ನಂಬಿಕೆ ಬರಲಿಲ್ಲ.

ಆ ವಿವರಣೆ ಸರಿಯೇ? ಸರಿಯಲ್ಲದಿದ್ದರೆ ಈ ಹೆಸರು ನಿಜವಾಗಿ ಎಲ್ಲಿಂದ ಬಂತು? ಓಬಯ್ಯ, ಲಕ್ಕವ್ವ, ಬೊಮ್ಮಣ್ಣ ಎಂಬ ಹೆಸರುಗಳ ಅರ್ಥವನ್ನೂ ತಿಳಿಸಿದರೆ ಉಪಕಾರವಾಗುತ್ತದೆ. ನನಗೆ ಹಿತವಾಗುವ ಉತ್ತರಕ್ಕಿಂತ ನಿಜವಾದ ಉತ್ತರವೇ ಬೇಕು.

ನುಡಿಬೇರು

ನಿಮ್ಮ ಅನುಮಾನ ಸರಿಯಾಗಿದೆ. ತೃಪ್ತಿಯಿಂದ ತಿಪ್ಪ ಬರುವುದಿಲ್ಲ. ಅದಕ್ಕೆ ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಇದೇ ಕ್ರಮದಿಂದ ಬೇರೆ ಹೆಸರುಗಳ ವಿವರಣೆಗಳನ್ನೂ ನೀವೇ ಒರೆಹಚ್ಚಿ ನೋಡಬಹುದು.

ಸಂಸ್ಕೃತದ ಪದಗಳು ಪ್ರಾಕೃತದ ಮೂಲಕವೋ ನೇರವಾಗಿಯೋ ಕನ್ನಡಕ್ಕೆ ಬಂದು ತದ್ಭವಗಳಾಗುವಾಗ ಮನಬಂದಂತೆ ಬದಲಾಗುವುದಿಲ್ಲ. ಆ ಬದಲಾವಣೆಗೊಂದು ಕ್ರಮವಿದೆ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ವ್ಯಾಕರಣದಲ್ಲಿ ಅಪಭ್ರಂಶ ಪ್ರಕರಣವೆಂಬ ಒಂದು ಅಧ್ಯಾಯವನ್ನೇ ಇದಕ್ಕೆ ಮೀಸಲಿಟ್ಟಿದ್ದಾನೆ. ಪಕಾರದ ಕೆಳಗೆ ತಕಾರವಿರುವ ಒತ್ತಕ್ಷರವು ಬದಲಾಗುವಾಗ ಉಳಿಯುವುದು ತಕಾರ, ಪಕಾರವಲ್ಲ. ಸಪ್ತ ಎಂಬುದು ಪ್ರಾಕೃತದಲ್ಲಿ ಸತ್ತ ಆಗುತ್ತದೆ, ಗುಪ್ತ ಎಂಬುದು ಗುತ್ತ ಆಗುತ್ತದೆ. ಹನ್ನೆರಡು ಮತ್ತು ಹದಿಮೂರನೆಯ ಶತಮಾನಗಳಲ್ಲಿ ಇಂದಿನ ಹಾವೇರಿ ಜಿಲ್ಲೆಯ ಗುತ್ತಲದಿಂದ ಆಳಿದ ಗುತ್ತರು ತಮ್ಮನ್ನು ಗುಪ್ತ ವಂಶದವರೆಂದು ಹೇಳಿಕೊಂಡದ್ದು ನಿಮಗೆ ನೆನಪಿರಬಹುದು. ಈ ಕ್ರಮದಂತೆ ತೃಪ್ತಿ ಎಂಬುದು ತಿತ್ತಿ ಆಗಬೇಕಿತ್ತು, ಪ್ರಾಕೃತದಲ್ಲಿ ಆಗಿರುವುದೂ ಹಾಗೆಯೇ. ಜಾಲತಾಣದವರು ಮೊದಲಕ್ಷರವೂ ನಡುವಿನ ಪಕಾರವೂ ಹೊಂದಿಕೆಯಾದದ್ದನ್ನು ಕಂಡು ಅರ್ಥವನ್ನು ಹೆಣೆದಿದ್ದಾರೆ, ಅಷ್ಟೇ.

ಉಳಿದ ಮೂರು ಹೆಸರುಗಳು ಮಾತ್ರ ನಿಜವಾಗಿಯೂ ಸಂಸ್ಕೃತ ಮೂಲದವು. ನೋಡಿದೊಡನೆ ಹಾಗೆನಿಸದಿರುವುದೇ ಅವುಗಳ ಸೊಗಸು. ಬೊಮ್ಮಣ್ಣನಲ್ಲಿರುವ ಬೊಮ್ಮ ಎಂಬುದು ಬ್ರಹ್ಮ ಶಬ್ದದ ತದ್ಭವ. ಪರಬೊಮ್ಮ ಎಂಬ ಮಾತಿನಲ್ಲಿ ಅದು ಇಂದಿಗೂ ಉಳಿದಿದೆ. ಲಕ್ಕವ್ವನಲ್ಲಿರುವುದು ಲಕ್ಷ್ಮಿ. ರಾಕ್ಷಸನು ರಕ್ಕಸನಾದಂತೆ, ಅಕ್ಷರವು ಅಕ್ಕರವಾದಂತೆ ಲಕ್ಷ್ಮಿ ಲಕ್ಕಿಯಾದಳು. ಕೆಲವು ಕಡೆ ಅದೇ ಲಕ್ಷ್ಮಿ ಲಚ್ಚಿಯಾಗಿ ಲಚ್ಚಮ್ಮ ಎಂಬ ಹೆಸರೂ ಬಂದಿದೆ. ಹನ್ನೆರಡನೆಯ ಶತಮಾನದ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮನನ್ನು ನೆನೆದರೆ ನಿಮ್ಮ ಅಜ್ಜನ ಅಕ್ಕನ ಹೆಸರು ಎಷ್ಟು ಹಳೆಯದೆಂದು ತಿಳಿಯುತ್ತದೆ.

ಓಬಯ್ಯ ಎಂಬ ಹೆಸರಿನ ಹಿಂದಿರುವುದು ಆಂಧ್ರದ ನರಸಿಂಹ ಕ್ಷೇತ್ರವಾದ ಅಹೋಬಲ. ಅಹೋಬಲ, ಓಬಳ, ಓಬ ಎಂದು ಅದು ಸವೆಯುತ್ತ ಬಂದಿದೆ. ಓಬಳೇಶ, ಓಬಣ್ಣ, ನಿಮ್ಮ ದುರ್ಗದ ಕೋಟೆಯ ಓಬವ್ವ, ಎಲ್ಲವೂ ಒಂದೇ ಬಳ್ಳಿಯ ಹೂಗಳು. ಒನಕೆ ಓಬವ್ವನ ಹೆಸರು ಹೇಳುವವರಲ್ಲಿ ಎಷ್ಟು ಜನರಿಗೆ ಆ ಹೆಸರಿನೊಳಗೆ ನರಸಿಂಹನಿದ್ದಾನೆಂಬ ಅರಿವಿದೆಯೋ ತಿಳಿಯದು.

ಇನ್ನು ತಿಪ್ಪಮ್ಮ. ಈ ಹೆಸರಿನಲ್ಲಿರುವುದು ತಿಪ್ಪೆ ಎಂಬ ದೇಸಿ ಪದವೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ತೆಲುಗಿನಲ್ಲಿ ತಿಪ್ಪ ಎಂದರೆ ದಿಬ್ಬ, ಗುಡ್ಡೆ. ಕನ್ನಡದಲ್ಲಿ ಅದು ಸಗಣಿ, ಕಸ, ಗೊಬ್ಬರಗಳ ರಾಶಿಗೆ ಮೀಸಲಾಗಿದೆ. ನಿಮ್ಮ ಬಂಧುಗಳು ಹೇಳಿದ ಅರ್ಥ ತಪ್ಪಲ್ಲ. ಆದರೆ ಆ ಪದ ಹೆಸರಾದದ್ದು ಏಕೆ ಎಂಬ ಪ್ರಶ್ನೆಯನ್ನು ಅವರು ಕೇಳಿಕೊಂಡಿಲ್ಲ. ಅದನ್ನು ನಿಮ್ಮ ಕಡೆಯವರೇ ನನಗಿಂತ ಚೆನ್ನಾಗಿ ಹೇಳಬಲ್ಲರು.

ಚಳ್ಳಕೆರೆ ಕಡೆಯವನು

ತಂಗಿ, ನಮ್ಮ ಕಡೆ ಮನೆಗೊಬ್ಬ ತಿಪ್ಪೇಸ್ವಾಮಿ, ಮನೆಗೊಬ್ಬಳು ತಿಪ್ಪಮ್ಮ ಇದ್ದ ಕಾಲವೊಂದಿತ್ತು. ಅದಕ್ಕೆ ಕಾರಣ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ. "ಮಾಡಿದಷ್ಟು ನೀಡು ಭಿಕ್ಷೆ" ಎಂಬ ಅವರ ಮಾತು ಇಂದಿಗೂ ಜನರ ಬಾಯಲ್ಲಿದೆ. ಮಳೆ ಕಡಿಮೆ ಇರುವ ಈ ಸೀಮೆಯಲ್ಲಿ ಕೆರೆಗಳನ್ನು ಕಟ್ಟಿಸಿದ ಪುಣ್ಯಪುರುಷರೆಂದು ಜನ ಅವರನ್ನು ನೆನೆಯುತ್ತಾರೆ. ಫಾಲ್ಗುಣದಲ್ಲಿ ನಡೆಯುವ ಅವರ ತೇರಿಗೆ ಆಂಧ್ರದ ಕಡೆಯಿಂದಲೂ ಜನ ಬರುತ್ತಾರೆ. ಮಕ್ಕಳಿಲ್ಲದವರು ಹರಕೆ ಹೊತ್ತು, ಹುಟ್ಟಿದ ಮಗುವಿಗೆ ಸ್ವಾಮಿಯ ಹೆಸರಿಡುವುದು ರೂಢಿ. ಗಂಡಾದರೆ ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ. ಹೆಣ್ಣಾದರೆ ತಿಪ್ಪಮ್ಮ, ತಿಪ್ಪೇರುದ್ರಮ್ಮ.

ಆದ್ದರಿಂದ ನಿಮ್ಮ ಅಜ್ಜಿಗೆ ಹೆಸರಿಟ್ಟ ಹಿರಿಯರ ಮನಸ್ಸಿನಲ್ಲಿ ಗುಂಡಿಯಲ್ಲ, ಆ ಸ್ವಾಮಿಯೇ ಇದ್ದಿರಬಹುದು. ನಿಮ್ಮ ಅಜ್ಜಿಯ ತವರಿನವರು ನಾಯಕನಹಟ್ಟಿಗೆ ನಡೆದುಕೊಳ್ಳುವವರೇ ಎಂದು ವಿಚಾರಿಸಿ ನೋಡಿ. ಹೌದಾದರೆ ನಿಮ್ಮ ಪ್ರಶ್ನೆಗೆ ಅಲ್ಲಿಯೇ ಉತ್ತರವಿದೆ.

ಇನ್ನೊಂದು ಮಾತು. ಬೇಸಾಯದ ಮನೆಯವರಿಗೆ ತಿಪ್ಪೆ ಹೊಲಸಲ್ಲ, ಮುಂದಿನ ವರ್ಷದ ಬೆಳೆ ಅದರಲ್ಲಿದೆ. ದೀಪಾವಳಿಯಲ್ಲಿ ನಾವು ತಿಪ್ಪೆಗೆ ಪೂಜೆ ಮಾಡಿ ದೀಪ ಇಡುತ್ತೇವೆ. ಊರು ಬಿಟ್ಟವರಿಗೆ ಈ ಪದ ಕೇಳಿದಾಗ ಕಸವಷ್ಟೇ ಕಾಣುತ್ತದೆ.

ಹಳ್ಳಿಶಾಲೆ

ನಾನು ಮೂವತ್ತು ವರ್ಷ ಶಾಲೆಯಲ್ಲಿ ಹಾಜರಿ ಪುಸ್ತಕ ಬರೆದವನು. ಹೆಸರುಗಳು ಒಂದೊಂದಾಗಿ ಮರೆಯಾಗುವುದನ್ನು ಕಣ್ಣಾರೆ ಕಂಡಿದ್ದೇನೆ. ಚಳ್ಳಕೆರೆ ಕಡೆಯವರು ಹೇಳಿದ ಕಾರಣದ ಜೊತೆಗೆ, ಅದಕ್ಕಿಂತ ವ್ಯಾಪಕವಾದ ಮತ್ತೊಂದು ಕಾರಣವನ್ನು ಹೇಳಲೇಬೇಕು.

ಹುಟ್ಟಿದ ಮಕ್ಕಳು ಒಂದರ ಹಿಂದೊಂದು ಸಾಯುತ್ತಿದ್ದ ಮನೆಯಲ್ಲಿ, ಮತ್ತೆ ಹುಟ್ಟಿದ ಮಗುವನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂದು ತಾಯಿತಂದೆಯರು ಹಂಬಲಿಸುತ್ತಿದ್ದರು. ಚೆಲುವಾದ, ಎಲ್ಲರ ಕಣ್ಣು ಬೀಳುವ ಹೆಸರಿಟ್ಟರೆ ಸಾವಿಗೂ ದೃಷ್ಟಿಗೂ ಕರೆಕೊಟ್ಟಂತೆ ಎಂದು ಹೆದರಿ, ಯಾರಿಗೂ ಬೇಡವಾದ ವಸ್ತುವಿನ ಹೆಸರನ್ನು ಮಗುವಿಗೆ ಇಡುತ್ತಿದ್ದರು. ಮಗುವನ್ನು ಒಂದು ಗಳಿಗೆ ತಿಪ್ಪೆಯ ಮೇಲೆ ಮಲಗಿಸಿ, ಬೇರೊಬ್ಬರು ಅದನ್ನು ಎತ್ತಿ ತಂದುಕೊಟ್ಟಂತೆ ಮಾಡುವ ಪದ್ಧತಿಯೂ ಇತ್ತು. ಈ ಮಗು ನಮ್ಮದಲ್ಲ, ಎಲ್ಲೋ ಬಿದ್ದಿತ್ತು, ಸಿಕ್ಕಿತು ಎಂದು ಸಾವನ್ನು ನಂಬಿಸುವ ಪ್ರಯತ್ನ ಅದು. ತಿಪ್ಪಣ್ಣ, ತಿಪ್ಪಮ್ಮ, ಹುಚ್ಚಪ್ಪ, ಹುಚ್ಚಮ್ಮ, ತಿರುಕಪ್ಪ ಎಂಬ ಹೆಸರುಗಳಲ್ಲಿ ಎಷ್ಟೋ ಈ ದಾರಿಯಿಂದ ಬಂದವು. ಮೇಲುನೋಟಕ್ಕೆ ಹೀನವೆನಿಸುವ ಹೆಸರು, ನಿಜದಲ್ಲಿ ಆ ಮನೆಯವರು ಅತ್ಯಂತ ಆಸೆಪಟ್ಟು ಪಡೆದ ಮಗುವಿನ ಹೆಸರು.

ಇದು ನಮ್ಮ ನಾಡಿಗೆ ಮಾತ್ರ ಸೇರಿದ್ದಲ್ಲ ಎಂಬುದನ್ನು ಗಮನಿಸಿ. ತೆಲುಗಿನ ಪೆಂಟಯ್ಯ, ಪೆಂಟಮ್ಮ ಎಂಬ ಹೆಸರುಗಳಲ್ಲಿರುವ ಪೆಂಟ ಎಂದರೆ ತಿಪ್ಪೆಯೇ. ತಮಿಳಿನ ಕುಪ್ಪುಸ್ವಾಮಿ, ಕುಪ್ಪಮ್ಮಾಳ್ ಎಂಬಲ್ಲಿರುವ ಕುಪ್ಪೈ ಎಂದರೆ ಕಸ. ಪಿಚ್ಚೈ ಎಂಬ ಹೆಸರಿಗೆ ಭಿಕ್ಷೆ ಎಂದರ್ಥ. ಮರಾಠಿಯ ಧೋಂಡೂ, ದಗಡೂ ಎಂಬವು ಕಲ್ಲಿನ ಹೆಸರುಗಳು. ಭೋಜಪುರಿ ಸೀಮೆಯ ಘುರಹೂ ಎಂಬ ಹೆಸರು ಕೂಡ ತಿಪ್ಪೆಯಿಂದಲೇ ಬಂದದ್ದು. ಬಂಗಾಳದಲ್ಲಿ ತಿನ್‌ಕೊಡಿ, ಪಾಂಚ್‌ಕೊಡಿ ಎಂಬ ಹೆಸರುಗಳಿವೆ: ಮಗುವನ್ನು ಮೂರು ಕವಡೆಗೆ, ಐದು ಕವಡೆಗೆ ಕೊಂಡುತಂದೆವು ಎಂಬ ಅರ್ಥದಲ್ಲಿ. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದ ತಾಯಂದಿರು, ಒಂದೇ ಭಯದಿಂದ, ಒಂದೇ ಉಪಾಯವನ್ನು ಕಂಡುಕೊಂಡಿದ್ದರು. ಪಾಠ ಮಾಡುವಾಗ ಈ ಮಾತನ್ನು ಹೇಳಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತಿತ್ತು.

ಪ್ರಾಚೀನ ಕಾಲದ ಉದಾಹರಣೆ ಬೇಕೆನ್ನುವವರಿಗೆ ಐತರೇಯ ಬ್ರಾಹ್ಮಣದ ಶುನಃಶೇಪನಿದ್ದಾನೆ. ಅವನೂ ಅವನ ಅಣ್ಣತಮ್ಮಂದಿರಾದ ಶುನಃಪುಚ್ಛ, ಶುನೋಲಾಂಗೂಲರೂ ಹೊತ್ತಿರುವುದು ನಾಯಿಯ ಬಾಲ ಎಂಬ ಅರ್ಥದ ಹೆಸರುಗಳನ್ನೇ. ಋಗ್ವೇದದ ಮೊದಲ ಮಂಡಲದ 24ರಿಂದ 30ರವರೆಗಿನ ಸೂಕ್ತಗಳ ಋಷಿಯೆಂದು ಪರಂಪರೆ ಹೇಳುವುದು ಈ ಶುನಃಶೇಪನನ್ನೇ. ಹೆಸರಿನ ನಿಘಂಟಿನ ಅರ್ಥವೊಂದರಿಂದಲೇ ಮನುಷ್ಯನ ಯೋಗ್ಯತೆ ಅಳೆಯುವಂತಿದ್ದರೆ ಅವನ ಸೂಕ್ತಗಳು ನಮಗೆ ಉಳಿಯುತ್ತಿರಲಿಲ್ಲ.

ಸಾಕಮ್ಮ ಎಂಬ ಹೆಸರಿನ ಬಗ್ಗೆಯೂ ಒಂದು ಮಾತು ಸೇರಿಸುತ್ತೇನೆ. ಹೆಣ್ಣುಮಕ್ಕಳು ಇನ್ನು ಸಾಕು ಎಂಬ ಅರ್ಥದಲ್ಲಿ ಇಟ್ಟ ಹೆಸರೆಂದು ಅದನ್ನು ಎಲ್ಲರೂ ವಿವರಿಸುತ್ತಾರೆ. ಎಷ್ಟೋ ಮನೆಗಳಲ್ಲಿ ಹಾಗೆ ಇಟ್ಟದ್ದು ಉಂಟು, ಅದನ್ನು ಮರೆಮಾಚಬಾರದು. ಆದರೆ ಸಾಕು ಎಂಬ ಧಾತುವಿಗೆ ಪೋಷಿಸು ಎಂಬ ಅರ್ಥವೂ ಇದೆ. ಆ ಹೆಸರಿನ ಅಜ್ಜಿಯರು ನಮ್ಮನ್ನೆಲ್ಲ ಸಾಕಿದ ಬಗೆಯನ್ನು ಕಂಡವರಿಗೆ ಎರಡನೆಯ ಅರ್ಥವೇ ಒಪ್ಪುತ್ತದೆ.

ಕೂಸಿನ ಅಪ್ಪ

ಇಲ್ಲಿಯ ವಿವರಣೆಗಳನ್ನು ಓದಿ ಬಹಳ ಕಲಿತೆ. ಆದರೂ ಪ್ರಶ್ನೆ ಕೇಳಿದವರಿಗೆ ಒಂದು ಎಚ್ಚರಿಕೆಯ ಮಾತನ್ನು ಗೌರವದಿಂದಲೇ ಹೇಳಬೇಕೆನಿಸಿದೆ. ಹೆಸರಿನ ಇತಿಹಾಸವನ್ನು ನಾವು ಬಲ್ಲೆವು, ತರಗತಿಯಲ್ಲಿ ಮಗುವಿನ ಪಕ್ಕ ಕುಳಿತವರು ಬಲ್ಲರೇ? ಆರು ವರ್ಷದ ಮಗು ತನ್ನ ಹೆಸರಿನ ಸಮರ್ಥನೆಗೆ ನಾಯಕನಹಟ್ಟಿಯ ಕಥೆಯನ್ನು ಹೇಳುತ್ತ ಕೂರಲು ಸಾಧ್ಯವಿಲ್ಲ. ಹಿರಿಯರ ಮೇಲಿನ ಪ್ರೀತಿಯ ಭಾರವನ್ನು ಮಗುವಿನ ಮೇಲೆ ಹೊರಿಸಿದಂತಾಗಬಾರದು. ಒಳ್ಳೆಯ ಅರ್ಥದ ಸಂಸ್ಕೃತ ಹೆಸರೊಂದನ್ನು ದಾಖಲೆಗಿಟ್ಟು, ಅಜ್ಜಿಯ ಹೆಸರನ್ನು ಮನೆಯಲ್ಲಿ ಕರೆಯಲು ಇಟ್ಟುಕೊಂಡರೆ ಇಬ್ಬರಿಗೂ ನ್ಯಾಯ ಸಲ್ಲುತ್ತದೆ ಎಂದು ನನ್ನ ಅನಿಸಿಕೆ. ನನ್ನ ಮಗನಿಗೆ ನಾನು ಹಾಗೆಯೇ ಮಾಡಿದ್ದೇನೆ.

ನುಡಿಬೇರು

ಕೂಸಿನ ಅಪ್ಪ ಅವರ ಕಾಳಜಿ ಪ್ರಾಮಾಣಿಕವಾದದ್ದು, ಮಕ್ಕಳ ನೋವನ್ನು ಹಗುರವಾಗಿ ಕಾಣಬಾರದು ಎಂಬುದನ್ನು ನಾನು ಒಪ್ಪುತ್ತೇನೆ. ನಾನು ಒಪ್ಪದಿರುವುದು, ಒಳ್ಳೆಯ ಅರ್ಥವೆಂದರೆ ಸಂಸ್ಕೃತದ ಅರ್ಥ ಎಂಬ ಎಣಿಕೆಯನ್ನು.

ನಮ್ಮ ವ್ಯಾಕರಣವು ನಾಮಪದಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ವಿಂಗಡಿಸುತ್ತದೆ ಎಂಬುದನ್ನು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ. ನದಿ, ಮರ, ಊರು ಎಂಬವು ರೂಢಿಯಿಂದ ಬಂದವು. ಗುಣಕ್ಕೋ ಕಸುಬಿಗೋ ತಕ್ಕಂತೆ ಬಂದ ಪಂಡಿತ, ವ್ಯಾಪಾರಿ, ಕಿವುಡ ಎಂಬವು ಅನ್ವರ್ಥನಾಮಗಳು. ಮನುಷ್ಯರ ಹೆಸರುಗಳು ಈ ಎರಡರಲ್ಲಿಯೂ ಸೇರುವುದಿಲ್ಲ, ಅವು ಅಂಕಿತನಾಮಗಳು. ಅಂಕಿತವೆಂದರೆ ಗುರುತು ಹಾಕಿದ್ದು. ಒಬ್ಬ ವ್ಯಕ್ತಿಯನ್ನು ಗುರುತಿಸುವುದಕ್ಕಾಗಿ ಹಾಕಿದ ಚಿಹ್ನೆಯಲ್ಲಿ ಆ ವ್ಯಕ್ತಿಯ ಗುಣದ ವರ್ಣನೆ ಇರಲೇಬೇಕೆಂದು ನಮ್ಮ ವೈಯಾಕರಣರು ಹೇಳಿಲ್ಲ. ಅಂಕಿತನಾಮವನ್ನು ಅನ್ವರ್ಥನಾಮದಂತೆ ಓದುವುದರಿಂದಲೇ ಇಂದಿನ ಹೆಸರು ಪುಸ್ತಕಗಳ ತೊಂದರೆ ಆರಂಭವಾಗುತ್ತದೆ. ಪ್ರತಿ ಹೆಸರಿನ ಮುಂದೆಯೂ ಒಂದು ಸಿಹಿಯಾದ ಅರ್ಥ ಇರಲೇಬೇಕು ಎಂದು ಹೊರಟರೆ, ಇಲ್ಲದ ಕಡೆ ಅದನ್ನು ಕಟ್ಟಬೇಕಾಗುತ್ತದೆ.

ಹೀಗೆ ಅರ್ಥ ಕಟ್ಟುವ ಅಭ್ಯಾಸ ಇಂದಿನದಲ್ಲ. ವೇಂಕಟ ಎಂಬುದಕ್ಕೆ "ವೇಂ ಎಂದರೆ ಪಾಪ, ಕಟ ಎಂದರೆ ಸುಡುವುದು" ಎಂಬ ಸಾಂಪ್ರದಾಯಿಕ ನಿರ್ವಚನವನ್ನು ನೀವು ಕೇಳಿರಬಹುದು. ಭಕ್ತಿಯ ದೃಷ್ಟಿಯಿಂದ ಅದಕ್ಕೆ ಅದರದೇ ಬೆಲೆಯಿದೆ. ಭಾಷೆಯ ಇತಿಹಾಸದ ದೃಷ್ಟಿಯಿಂದ ನೋಡಿದರೆ, ಹಳೆಯ ತಮಿಳಿನಲ್ಲಿ ವೇಂಗಡಂ ಎಂಬುದು ತಮಿಳುನಾಡಿನ ಬಡಗಣ ಗಡಿಯ ಬೆಟ್ಟದ ಹೆಸರು. ತೊಲ್ಕಾಪ್ಪಿಯಂನ ಪೀಠಿಕೆಯಲ್ಲಿ ಆ ಗಡಿಯ ಉಲ್ಲೇಖವಿದೆ. ಬೆಟ್ಟದ ಹೆಸರು ಮೊದಲು, ಪಾಪ ಸುಡುವ ಅರ್ಥ ಆಮೇಲೆ.

ಇನ್ನು ಘನತೆಯ ವಿಷಯ. ಒಂದೇ ಪದ ಎರಡು ಉಡುಪುಗಳಲ್ಲಿ ಬಂದಾಗ ನಾವು ಒಂದಕ್ಕೆ ಮಣೆ ಹಾಕಿ ಇನ್ನೊಂದನ್ನು ಹೊರಗೆ ನಿಲ್ಲಿಸುತ್ತೇವೆ. ಪಂಪಾಪತಿ ಎಂಬ ಹೆಸರು ಗಂಭೀರವೆನಿಸುತ್ತದೆ, ಹಂಪಯ್ಯ, ಹಂಪಮ್ಮ ಎಂಬ ಹೆಸರುಗಳು ಹಳ್ಳಿಯವೆನಿಸುತ್ತವೆ. ಪಂಪಾ ಎಂಬುದೇ ಕನ್ನಡಿಗರ ಬಾಯಲ್ಲಿ ಹಂಪೆಯಾಯಿತು. ಹಳಗನ್ನಡದ ಪುಲಿ ಹುಲಿಯಾದ, ಪಾಲು ಹಾಲಾದ, ಪೆಸರು ಹೆಸರಾದ ಹಾದಿಯಲ್ಲಿಯೇ ಅದೂ ನಡೆದಿದೆ. ಹಲ್ಮಿಡಿ ಶಾಸನದಲ್ಲಿ ಆ ಊರಿನ ಹೆಸರು ಪಲ್ಮಡಿ ಎಂದಿರುವುದನ್ನು ಕಂಡರೆ ಈ ಬದಲಾವಣೆ ಕಣ್ಣಿಗೆ ಕಟ್ಟುತ್ತದೆ. ವೃಷಭ ಎಂಬ ಹೆಸರನ್ನು ಮಗುವಿಗೆ ಇಡಲು ಇಂದು ಯಾರೂ ಹಿಂಜರಿಯುವುದಿಲ್ಲ. ಅದರದೇ ತದ್ಭವವಾದ ಬಸವ ಎಂಬುದು ಹನ್ನೆರಡನೆಯ ಶತಮಾನದಿಂದ ಈ ನಾಡಿನ ಅತ್ಯಂತ ಗೌರವದ ಹೆಸರು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನನ್ನು ಕನ್ನಡ ಶಾಸನಗಳು ಕನ್ನರದೇವ ಎಂದು ಕರೆದವು. ಹೊಯ್ಸಳ ವಿಷ್ಣುವರ್ಧನ ಬಿಟ್ಟಿದೇವನೆಂದೂ ಹೆಸರಾದವನು, ಬಿಟ್ಟಿ ಎಂಬುದು ವಿಷ್ಣು ಶಬ್ದದ ಕನ್ನಡ ರೂಪವೆಂದು ವಿದ್ವಾಂಸರು ಹೇಳುತ್ತಾರೆ. ತದ್ಭವದ ಹೆಸರು ಹೊತ್ತು ಅವರು ಸಾಮ್ರಾಜ್ಯಗಳನ್ನೇ ಆಳಿದರು.

ತಿಪ್ಪಮ್ಮ ತದ್ಭವವಲ್ಲ, ಅಚ್ಚ ದೇಸಿ. ಕೆಂಪಮ್ಮ, ಚೆನ್ನಮ್ಮ, ಪುಟ್ಟಮ್ಮ ಎಂಬವುಗಳಂತೆ ಅದನ್ನು ಯಾವ ಸಂಸ್ಕೃತ ಪದದ ನೆರಳಿನಲ್ಲಿಯೂ ನಿಲ್ಲಿಸಬೇಕಾಗಿಲ್ಲ.

ಶಾಸನಾಸಕ್ತ

ಚರ್ಚೆಯನ್ನು ತಡವಾಗಿ ನೋಡಿದೆ. ದೊಡ್ಡ ಮನೆತನಗಳಲ್ಲಿ ಈ ಹೆಸರು ಇರಲಿಲ್ಲ ಎಂದು ಯಾರಾದರೂ ಹೇಳಿದರೆ ಅವರಿಗೆ ತೋರಿಸಲು ಒಂದು ಆಧಾರವನ್ನು ಕೊಡುತ್ತೇನೆ.

ವಿಜಯನಗರದ ತುಳುವ ನರಸನಾಯಕನ ರಾಣಿಯರಲ್ಲಿ ಒಬ್ಬಳು ತಿಪ್ಪಾಂಬೆ. ಶಾಸನಗಳಲ್ಲಿ ಅವಳನ್ನು ತಿಪ್ಪಾಜಿ ಎಂದೂ ಕರೆದಿದ್ದಾರೆ. ಅವಳ ಮಗನೇ ವೀರನರಸಿಂಹ. ಎರಡನೆಯ ರಾಣಿ ನಾಗಲಾದೇವಿಯ ಮಗ ಕೃಷ್ಣದೇವರಾಯ. ಕೃಷ್ಣದೇವರಾಯನು 1509ರಲ್ಲಿ ಪಟ್ಟಕ್ಕೆ ಬಂದ ಹೊತ್ತಿನಲ್ಲಿ ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಹಾಕಿಸಿದ ಶಾಸನದ ಸಂಸ್ಕೃತ ಶ್ಲೋಕಗಳಲ್ಲಿ ವಂಶದ ವರ್ಣನೆ ಬರುತ್ತದೆ. ದಶರಥನಿಗೆ ಕೌಸಲ್ಯೆ ಮತ್ತು ಸುಮಿತ್ರೆಯರಲ್ಲಿ ರಾಮಲಕ್ಷ್ಮಣರು ಹುಟ್ಟಿದಂತೆ, ನರಸಭೂಪನಿಗೆ ತಿಪ್ಪಾಜಿ ಮತ್ತು ನಾಗಲಾದೇವಿಯರಲ್ಲಿ ವೀರನರಸಿಂಹ ಮತ್ತು ಕೃಷ್ಣರಾಯರು ಹುಟ್ಟಿದರು ಎಂದು ಅಲ್ಲಿ ಹೇಳಿದೆ. ಕವಿಗೆ ತಿಪ್ಪಾಜಿ ಎಂಬ ಹೆಸರನ್ನು ಕೌಸಲ್ಯೆಯ ಹೆಸರಿನ ಪಕ್ಕದಲ್ಲಿ ಇಡಲು ಯಾವ ಸಂಕೋಚವೂ ಆಗಲಿಲ್ಲ; ಅದನ್ನು ತೃಪ್ತಿ ಎಂದು ತಿದ್ದಲೂ ಹೋಗಲಿಲ್ಲ.

ಅದೇ ನರಸನಾಯಕನ ಮತ್ತೊಬ್ಬ ರಾಣಿಯ ಹೆಸರು ಓಬಾಂಬಿಕೆ, ಅಚ್ಯುತರಾಯನ ತಾಯಿ. ಪ್ರಶ್ನೆ ಕೇಳಿದವರ ಅಜ್ಜ ಓಬಯ್ಯ, ಅಜ್ಜಿ ತಿಪ್ಪಮ್ಮ. ನಿಮ್ಮ ಮನೆಯ ಪಡಸಾಲೆಯಲ್ಲಿ ಕೇಳಿಬರುತ್ತಿದ್ದ ಹೆಸರುಗಳೇ ವಿಜಯನಗರದ ಅರಮನೆಯಲ್ಲಿಯೂ ಕೇಳಿಬರುತ್ತಿದ್ದವು. ಗಂಡಸರಲ್ಲಿಯೂ ಹದಿನೈದನೆಯ ಶತಮಾನದ ಸಾಳುವ ಗೋಪತಿಪ್ಪ ಭೂಪಾಲನಿದ್ದಾನೆ. ವಾಮನನ ಅಲಂಕಾರ ಗ್ರಂಥಕ್ಕೆ ಸಂಸ್ಕೃತದಲ್ಲಿ ವ್ಯಾಖ್ಯಾನ ಬರೆದ ಅರಸ ಅವನು.

ದುರ್ಗದ ಮೊಮ್ಮಗಳು

ನಿಮ್ಮೆಲ್ಲರಿಗೂ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯುತ್ತಿಲ್ಲ. ಚಳ್ಳಕೆರೆ ಅಣ್ಣ ಹೇಳಿದಂತೆ ಅಜ್ಜಿಯ ತಮ್ಮನಿಗೆ ದೂರವಾಣಿ ಮಾಡಿ ವಿಚಾರಿಸಿದೆ. ಅವರಿಗೀಗ ಎಪ್ಪತ್ತಾರು ವರ್ಷ. ಅವರು ಹೇಳಿದ್ದನ್ನು ಕೇಳಿ ಬಹಳ ಹೊತ್ತು ಮಾತು ಹೊರಡಲಿಲ್ಲ. ಅಜ್ಜಿಗಿಂತ ಮೊದಲು ಹುಟ್ಟಿದ ಮೂರು ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಂಡಿದ್ದರಂತೆ. ನಾಲ್ಕನೆಯ ಮಗು ಉಳಿದರೆ ನಾಯಕನಹಟ್ಟಿಗೆ ನಡೆದುಕೊಂಡು ಬರುತ್ತೇವೆಂದು ಹರಕೆ ಹೊತ್ತು, ಹುಟ್ಟಿದ ಮೇಲೆ ತಿಪ್ಪೆಯ ಮೇಲೆ ಮಲಗಿಸಿ ಸೋದರತ್ತೆಯಿಂದ ಎತ್ತಿಸಿದ್ದರಂತೆ. ಇಲ್ಲಿ ಇಬ್ಬರು ಹೇಳಿದ ಎರಡು ಕಾರಣಗಳೂ ಒಂದೇ ಹೆಸರಿನಲ್ಲಿ ಸೇರಿದ್ದವು. ಈ ವಿಷಯವನ್ನು ಅಜ್ಜಿ ನನಗೆ ಎಂದೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಕೂಸಿನ ಅಪ್ಪ ಅವರ ಮಾತನ್ನೂ ಯೋಚಿಸಿದೆ. ಮಗುವನ್ನು ಕರೆಯಲು ಬೇರೊಂದು ಹೆಸರನ್ನೂ ಇಡುತ್ತೇವೆ, ಆದರೆ ಅಜ್ಜಿಯ ಹೆಸರು ದಾಖಲೆಯಲ್ಲಿಯೂ ಇರುತ್ತದೆ. ಈಗ ಉಳಿದಿರುವುದು ಒಂದೇ ಗೊಂದಲ. ಪಹಣಿಯಲ್ಲಿಯೂ ಮತದಾರರ ಪಟ್ಟಿಯಲ್ಲಿಯೂ ಅವಳು ತಿಪ್ಪಮ್ಮ, ತವರಿನವರ ಬಾಯಲ್ಲಿ ತಿಪ್ಪವ್ವ. ಶಾಸನದ ತಿಪ್ಪಾಂಬೆ ಎಂಬ ರೂಪವೂ ಈಗ ಮನಸ್ಸಿಗೆ ಹಿಡಿಸಿದೆ. ಇವುಗಳಲ್ಲಿ ಮೂಲರೂಪ ಯಾವುದು?

ಶಾಸನಾಸಕ್ತ

ಮೂರರಲ್ಲಿ ಆಂಬೆ ಎಂಬುದು ಸಂಸ್ಕೃತ ಶ್ಲೋಕ ಬರೆಯುವವರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ರೂಪ. ಮನೆಯವರ ಬಾಯಲ್ಲಿ ತಿಪ್ಪಮ್ಮ ಎಂದಿದ್ದದ್ದನ್ನು ಶ್ಲೋಕದಲ್ಲಿ ತಿಪ್ಪಾಂಬಾ ಎಂದು ಬರೆದರು. ಆದ್ದರಿಂದ ಅದನ್ನು ಮೂಲವೆಂದು ತಿಳಿಯಬೇಡಿ.

ಅಮ್ಮ, ಅವ್ವ ಎರಡೂ ದ್ರಾವಿಡ ನುಡಿಗಳ ಬಂಧುವಾಚಕಗಳೇ. ಅಪ್ಪ, ಅಣ್ಣ, ಅಕ್ಕ, ಅಮ್ಮ, ಅವ್ವ ಎಂಬ ಮನೆಯ ಕರೆಗಳನ್ನೇ ಹೆಸರಿನ ಕೊನೆಗೆ ಸೇರಿಸಿ ಗೌರವಿಸುವುದು ನಮ್ಮ ನಾಡಿನ ಬಹಳ ಹಳೆಯ ಕ್ರಮ. ಹಳಗನ್ನಡದ ಕಾಲದಲ್ಲಿ ಹೆಣ್ಣುಮಕ್ಕಳ ಹೆಸರಿನ ಕೊನೆಗೆ ಹೆಚ್ಚಾಗಿ ಬರುತ್ತಿದ್ದದ್ದು ಅಬ್ಬೆ. ತಾಯಿ ಎಂಬುದೇ ಅದರ ಅರ್ಥ, ಹವ್ಯಕರ ಮಾತಿನಲ್ಲಿ ಇಂದಿಗೂ ತಾಯಿಯನ್ನು ಅಬ್ಬೆ ಎನ್ನುತ್ತಾರೆ. ಪಂಪನ ತಾಯಿ ಅಬ್ಬಣಬ್ಬೆ, ರನ್ನನ ತಾಯಿ ಅಬ್ಬಲಬ್ಬೆ. ಲಕ್ಕುಂಡಿಯಲ್ಲಿ 1007ರಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ, ಅವಳ ತಂಗಿ ಗುಂಡಮಬ್ಬೆ, 1057ರ ಬೆಳತೂರು ಶಾಸನದ ದೇಕಬ್ಬೆ, ಶಾಂತಲೆಯ ತಾಯಿ ಮಾಚಿಕಬ್ಬೆ, ಹೀಗೆ ಸಾಲು ದೊಡ್ಡದಿದೆ. ಅಬ್ಬೆ ಎಂಬುದರ ಬಳಗದ್ದೇ ನಿಮ್ಮ ಲಕ್ಕವ್ವ, ಓಬವ್ವ, ತಿಪ್ಪವ್ವ ಎಂಬಲ್ಲಿರುವ ಅವ್ವ. ನಡುನಾಡಿನಲ್ಲಿಯೂ ಬಡಗಣ ಜಿಲ್ಲೆಗಳಲ್ಲಿಯೂ ಅವ್ವ ಹೆಚ್ಚು, ಹಳೆ ಮೈಸೂರಿನ ಕಡೆ ಅಮ್ಮ ಹೆಚ್ಚು. ನಿಮ್ಮ ಜಿಲ್ಲೆ ಎರಡರ ನಡುವೆ ಇರುವುದರಿಂದ ಎರಡೂ ಕೇಳಿಬರುವುದು ಸಹಜ. ಹಳ್ಳಿಯವರು ಅವ್ವ ಎಂದು ಹೇಳಿದ ಹೆಸರನ್ನು ದಾಖಲೆ ಬರೆಯುವವರು ಅಮ್ಮ ಎಂದು ಬರೆದುಕೊಂಡದ್ದೂ ಉಂಟು. ಯಾವುದನ್ನು ಇಟ್ಟರೂ ಅದು ಅಜ್ಜಿಯ ಹೆಸರೇ.

ದಾಖಲೆಯ ಬಗ್ಗೆ ಅವಸರಪಡಬೇಕಾಗಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹುಟ್ಟನ್ನು ಹೆಸರಿಲ್ಲದೆಯೂ ನೋಂದಾಯಿಸಬಹುದು, ಹೆಸರನ್ನು ಆಮೇಲೆ ಸೇರಿಸಬಹುದು; ನೋಂದಣಿಯಾದ ಹನ್ನೆರಡು ತಿಂಗಳೊಳಗೆ ಸೇರಿಸಿದರೆ ಶುಲ್ಕವಿರುವುದಿಲ್ಲ. ಹೆಸರು ಬರೆಸುವಾಗ ಕನ್ನಡದ ಅಕ್ಷರಗಳನ್ನು ನೀವೇ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಪಕಾರದ ಒತ್ತು ಬಿಟ್ಟುಹೋಗದಂತೆ ನೋಡಿಕೊಳ್ಳಿ.